ಕಣಿವೆಯಿಂದ ಅಡುಗೆಮನೆಯ ನಲ್ಲಿಯವರೆಗೆ

2022ರ ಸೆಪ್ಟೆಂಬರ್ ಮೊದಲ ವಾರ ಹಿರಿಯೂರು ಸೀಮೆಯ ಜನರೆಲ್ಲ ಮಾರಿಕಣಿವೆಯ ಕಡೆಗೆ ಮುಖ ಮಾಡಿದ್ದರು. ಅಲ್ಲಿನ ಅಣೆಕಟ್ಟೆ ವಾಣಿವಿಲಾಸ ಸಾಗರದ ನೀರು 130 ಅಡಿ ಮುಟ್ಟಿ ಕೋಡಿ ಬಿದ್ದಿತ್ತು. ಅದಕ್ಕೂ ಮೊದಲು ಅಲ್ಲಿ ಕೋಡಿ ಹರಿದದ್ದು 1933ರಲ್ಲಿ. ನಡುವೆ ಕಳೆದದ್ದು 89 ವರ್ಷ. ಅಂದು ಅಣೆಕಟ್ಟೆಯ ಬಳಿ ನಿಂತವರಲ್ಲಿ ಬಹುತೇಕರು ಕೋಡಿಯ ಸುದ್ದಿಯನ್ನು ಅಜ್ಜ ಅಜ್ಜಿಯರ ಬಾಯಲ್ಲಿ ಕೇಳಿದ್ದವರೇ ಹೊರತು ಕಣ್ಣಾರೆ ಕಂಡವರಲ್ಲ. 2025ರ ಜನವರಿಯಲ್ಲಿ ಕೆರೆ ಮತ್ತೊಮ್ಮೆ ತುಂಬಿತು.

ವೇದಾವತಿಗೆ ಅಡ್ಡಲಾಗಿ ಈ ಕಟ್ಟೆಯ ಕೆಲಸ ಶುರುವಾದದ್ದು 1898ರಲ್ಲಿ. ಆಗ ಮೈಸೂರಿನ ಆಡಳಿತ ಮಹಾರಾಣಿ ಕೆಂಪನಂಜಮ್ಮಣ್ಣಿಯವರ ಕೈಯಲ್ಲಿತ್ತು, ದಿವಾನರಾಗಿದ್ದವರು ಕೆ. ಶೇಷಾದ್ರಿ ಅಯ್ಯರ್. 1907ರಲ್ಲಿ ಕೆಲಸ ಮುಗಿಯಿತು. ಸಿಮೆಂಟಿಲ್ಲದೆ, ಕಲ್ಲು ಮತ್ತು ಸುಣ್ಣದ ಗಾರೆಯಲ್ಲಿ ಎದ್ದ ಈ ಗೋಡೆ ಸುಮಾರು 30 ಟಿಎಂಸಿ ನೀರನ್ನು ತಡೆದು ನಿಲ್ಲಿಸಬಲ್ಲದು. ಕಟ್ಟಿದ್ದು ಬೇಸಾಯಕ್ಕೆಂದು. ಕಾಲ ಕಳೆದಂತೆ ಹಿರಿಯೂರು, ಚಿತ್ರದುರ್ಗ, ಚಳ್ಳಕೆರೆಯ ಬಿಂದಿಗೆಗಳೂ ಇದೇ ನೀರಿಗೆ ಕಾಯತೊಡಗಿದವು.

ಈ ಸೀಮೆಯಲ್ಲಿ ನೀರಿನ ಮಾತೆಂದರೆ ಎಷ್ಟು ಬಂತು, ಎಷ್ಟು ಉಳಿಯಿತು, ಯಾರ ಪಾಲಿಗೆ ಎಷ್ಟು ಎಂಬುದೇ. ಮಳೆ ನಂಬುವ ಹಾಗಿಲ್ಲದ ಜಿಲ್ಲೆಯಲ್ಲಿ ಅದು ಸಹಜ. ಆದರೆ ಕಟ್ಟೆಯಿಂದ ಹೊರಟ ನೀರು ಮಗುವಿನ ಬಾಯಿ ಸೇರುವ ಮೊದಲು ಏನೇನನ್ನು ಮುಟ್ಟಿಕೊಂಡು ಬರುತ್ತದೆ, ಮುಟ್ಟಿದ್ದರಲ್ಲಿ ಏನನ್ನು ಕರಗಿಸಿಕೊಂಡು ಬರುತ್ತದೆ ಎಂಬ ಪ್ರಶ್ನೆಗೂ ಅಷ್ಟೇ ತೂಕ ಸಿಗಬೇಕು. ಈ ಪ್ರಶ್ನೆಯ ನಡುವೆ ಎರಡು ಲೋಹಗಳಿವೆ. ಒಂದು ಸೀಸ, ಇನ್ನೊಂದು ತಾಮ್ರ.

ತಾಮ್ರ ಈ ನೆಲಕ್ಕೆ ಹೊಸದಲ್ಲ. ಚಿತ್ರದುರ್ಗದ ಕೋಟೆ ಇರುವ ಗುಡ್ಡಗಳಿಂದ ಕೆಲವೇ ಮೈಲಿ ದೂರದ ಇಂಗಳದಾಳಿನಲ್ಲಿ ತಾಮ್ರದ ಅದಿರಿದೆ. ಹಿಂದಿನ ಕಾಲದವರೇ ಅಲ್ಲಿ ಅಗೆದು ಬಿಟ್ಟ ಗುಂಡಿಗಳನ್ನು ಭೂವಿಜ್ಞಾನಿಗಳು ಗುರುತಿಸಿದ್ದಾರೆ. ಇಪ್ಪತ್ತನೆಯ ಶತಮಾನದಲ್ಲಿ ಚಿತ್ರದುರ್ಗ ತಾಮ್ರ ಕಂಪನಿ ಅಲ್ಲಿ ಗಣಿ ನಡೆಸಿತು, ಬಳಿಕ ಅದು ಹಟ್ಟಿ ಚಿನ್ನದ ಗಣಿ ಕಂಪನಿಯ ಒಂದು ಘಟಕವಾಯಿತು. ಈಗ ಗಣಿ ಮುಚ್ಚಿದೆ. ಗಣಿ ಮುಚ್ಚಿದರೂ ಅದರ ಕಲ್ಲು ತನ್ನ ಗುಣ ಬಿಡುವುದಿಲ್ಲ. ಇಂಥ ಅದಿರಿನಲ್ಲಿ ತಾಮ್ರ ಗಂಧಕದೊಂದಿಗೆ ಸೇರಿರುತ್ತದೆ. ಅಗೆದು ಹೊರಗೆ ಹಾಕಿದ ಕಲ್ಲುಪುಡಿಗೆ ಗಾಳಿ, ಮಳೆನೀರು ತಾಗಿದರೆ ಗಂಧಕ ಆಮ್ಲವಾಗುತ್ತದೆ, ಆ ಹುಳಿನೀರು ಲೋಹವನ್ನು ಕರಗಿಸಿಕೊಂಡು ಕೆಳಗಿಳಿಯುತ್ತದೆ. ಪ್ರಪಂಚದ ಹಲವು ಹಳೆಯ ಗಣಿಗಳ ಬಳಿ ಹೀಗಾಗಿದೆ. ಹಾಗಾಗಿ ಇಂಗಳದಾಳಿನ ಸುತ್ತಲಿನ ಬಾವಿ, ಬೋರ್‌ವೆಲ್‌ಗಳ ನೀರಿನಲ್ಲಿ ಲೋಹದ ಪ್ರಮಾಣವನ್ನು ವರ್ಷ ವರ್ಷವೂ ಅಳೆಯುವುದು ಸರ್ಕಾರದ ಮೇಲಿರುವ ಸಣ್ಣ ಋಣ. ಆ ಊರಿನ ನೆಲದಿಂದ ತಾಮ್ರ ತೆಗೆದದ್ದು ಸರ್ಕಾರಿ ಕಂಪನಿಯೇ ತಾನೆ.

ಆದರೂ ಬಹುತೇಕ ಮನೆಗಳ ಮಟ್ಟಿಗೆ ಭಯವಿರುವುದು ಗಣಿಯಲ್ಲಲ್ಲ. ಕೆರೆಯ ನೀರಿನಲ್ಲಿ, ಹೊಳೆಯ ನೀರಿನಲ್ಲಿ ಸೀಸ ಸಾಮಾನ್ಯವಾಗಿ ಲೆಕ್ಕಕ್ಕೆ ಸಿಗದಷ್ಟು ಕಡಿಮೆ. ಶುದ್ಧೀಕರಣ ಘಟಕದಿಂದ ಹೊರಬೀಳುವಾಗಲೂ ಅಷ್ಟೇ. ಸೀಸ ಸೇರುವುದು ಆಮೇಲೆ, ದಾರಿಯಲ್ಲಿ. ಫ್ಲೋರೈಡಿಗೂ ಸೀಸಕ್ಕೂ ಇರುವ ವ್ಯತ್ಯಾಸವೇ ಇದು. ಚಿತ್ರದುರ್ಗದ ಜನರಿಗೆ ಫ್ಲೋರೈಡ್ ಚೆನ್ನಾಗಿ ಗೊತ್ತು. ಹಳದಿ ಕಂದು ಗೆರೆ ಬಿದ್ದ ಹಲ್ಲು, ಬಾಗದ ಮೊಣಕಾಲು ಎಷ್ಟೋ ಹಳ್ಳಿಗಳಲ್ಲಿ ಕಂಡಿವೆ. ಫ್ಲೋರೈಡ್ ಬಂಡೆಯಿಂದ ಬರುತ್ತದೆ, ಬೋರ್‌ವೆಲ್‌ನ ಬಾಯಲ್ಲಿ ಒಮ್ಮೆ ಪರೀಕ್ಷೆ ಮಾಡಿದರೆ ಸಿಕ್ಕಿಬೀಳುತ್ತದೆ. ಸೀಸವನ್ನು ಬೋರ್‌ವೆಲ್‌ನ ಬಾಯಲ್ಲಿ ಹುಡುಕಿದರೆ ಸಿಗದೇ ಹೋಗಬಹುದು, ಅದೇ ನೀರು ಅಡುಗೆಮನೆಯ ನಲ್ಲಿಗೆ ಬರುವಷ್ಟರಲ್ಲಿ ಅದರಲ್ಲಿ ಸೀಸ ಇರಬಹುದು. ಎರಡು ಮನೆಗಳ ನಡುವೆ ಗೋಡೆ ಒಂದೇ ಇದ್ದರೂ ಈ ಮನೆಯ ನೀರಿನಲ್ಲಿ ಇಲ್ಲದ ಸೀಸ ಆ ಮನೆಯದರಲ್ಲಿ ಇರಬಹುದು.

ದಾರಿಯಲ್ಲಿ ಏನೇನಿದೆ? ಹಳೆಯ ಪಟ್ಟಣಗಳ ನೆಲದಡಿ ಬೀಡುಕಬ್ಬಿಣದ ಪೈಪುಗಳಿವೆ. ಅವುಗಳ ಸಂದಿಗೆ ಸೆಣಬಿನ ಹುರಿ ತುಂಬಿ, ಕಾಯಿಸಿದ ಸೀಸ ಹೊಯ್ದು, ಉಳಿಯಿಂದ ಬಡಿದು ಬಿಗಿಮಾಡುವುದು ದೇಶದ ಉದ್ದಗಲಕ್ಕೂ ನಡೆದುಬಂದ ಪದ್ಧತಿ. ಆ ಸಂದಿಯಲ್ಲಿ ನೀರಿಗೆ ತಾಗುವ ಸೀಸ ಕಡಿಮೆಯೆಂಬುದು ನಿಜ, ಹಾಗಾಗಿ ಅದೊಂದಕ್ಕೇ ಹೆದರಬೇಕಿಲ್ಲ. ಮನೆಯ ಹತ್ತಿರ ಬಂದರೆ ಜಿಐ ಪೈಪು ಸಿಗುತ್ತದೆ, ಅದರ ಮೇಲಿನ ಸತುವಿನ ಲೇಪದಲ್ಲಿ ಸೀಸ ಬೆರಕೆಯಾಗಿರುವುದುಂಟು. ಅಗ್ಗದ ಹಿತ್ತಾಳೆ ನಲ್ಲಿ, ವಾಲ್ವ್, ಕೂಡುಕೊಂಡಿಗಳಿವೆ. ತಾಮ್ರ, ಸತು ಸೇರಿದ ಹಿತ್ತಾಳೆಗೆ ಎರಕ ಹೊಯ್ಯುವಾಗ, ಕಡೆಯುವಾಗ ಸಲೀಸಾಗಲಿ ಎಂದು ಸೀಸ ಸೇರಿಸುವ ರೂಢಿ ಹಳೆಯದು. ಅಮೆರಿಕದಲ್ಲಿ ಕುಡಿಯುವ ನೀರಿನ ನಲ್ಲಿಗಳ ಲೋಹದಲ್ಲಿ ಶೇಕಡಾ 8ರವರೆಗೆ ಸೀಸ ಇರಬಹುದು ಎಂದಿದ್ದ ಕಾನೂನು 2014ರಿಂದ ಅದನ್ನು ಶೇಕಡಾ 0.25ಕ್ಕೆ ಇಳಿಸಿತು. ಇಳಿಸಿದ ಪ್ರಮಾಣವೇ ಹೇಳುತ್ತದೆ, ಮೊದಲು ಎಷ್ಟು ಸೀಸ ಜನರ ಅಡುಗೆಮನೆಯಲ್ಲಿತ್ತು ಎಂದು.

ಇನ್ನು ಪಿವಿಸಿ ಪೈಪು. ಮಾರಿಕಣಿವೆ ಸುತ್ತಲಿನ ತೆಂಗಿನ, ಅಡಿಕೆಯ ತೋಟಗಳಿಂದ ಹಿಡಿದು ಹಳ್ಳಿಯ ತೊಂಬೆಯವರೆಗೆ ಎಲ್ಲೆಲ್ಲೂ ಅದೇ. ಪಿವಿಸಿಯನ್ನು ಕಾಯಿಸಿ ಪೈಪು ಎಳೆಯುವಾಗ ಅದು ಶಾಖಕ್ಕೆ ಸುಟ್ಟು ಒಡೆದುಹೋಗದಿರಲೆಂದು ಒಂದು ಸ್ಥಿರಕಾರಿ ಬೆರೆಸಬೇಕು. ಅಗ್ಗವೆಂಬ ಕಾರಣಕ್ಕೆ ದಶಕಗಳ ಕಾಲ ಸೀಸದ ಲವಣಗಳನ್ನೇ ಬೆರೆಸಲಾಯಿತು. ಹೊಸ ಪೈಪಿನ ಒಳಮೈಯಿಂದ ಮೊದಮೊದಲ ನೀರಿಗೆ ಅದು ಹೆಚ್ಚು ಇಳಿಯುತ್ತದೆ. ಕ್ಯಾಲ್ಸಿಯಂ ಮತ್ತು ಸತುವಿನ ಲವಣಗಳಿಂದಲೂ ಅದೇ ಕೆಲಸ ಆಗುತ್ತದೆ, ಆದರೆ ಖರ್ಚು ತುಸು ಹೆಚ್ಚು. 2017ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಈ ವಿಷಯವನ್ನು ಕೈಗೆತ್ತಿಕೊಂಡು ಪೈಪುಗಳಲ್ಲಿನ ಸೀಸಕ್ಕೆ ಕಡಿವಾಣ ಹಾಕುವಂತೆ ಕೇಂದ್ರ ಪರಿಸರ ಮಂತ್ರಾಲಯಕ್ಕೆ ಹೇಳಿತು. 2021ರಲ್ಲಿ ನಿಯಮ ಬಂತು. ಆದರೆ ಅದಕ್ಕೂ ಮೊದಲು ಹೂತ ಪೈಪು ನೆಲದಲ್ಲೇ ಇದೆ. ಐಎಸ್‌ಐ ಗುರುತಿಲ್ಲದ ಪೈಪು ಇವತ್ತಿಗೂ ಅಗ್ಗದ ಬೆಲೆಗೆ ಸಿಗುತ್ತದೆ, ಮನೆ ಕಟ್ಟುವವರ ಕೈ ಖಾಲಿಯಾಗುವುದು ಕೊಳಾಯಿ ಕೆಲಸದ ಹೊತ್ತಿಗೇ.

ಸೀಸದ ವಿಷಯದಲ್ಲಿ ದೇಶದ ಕಣ್ಣು ತೆರೆಸಿದ ಕೆಲಸ ನಡೆದದ್ದು ಕರ್ನಾಟಕದಲ್ಲೇ ಎಂಬುದನ್ನು ಹೇಳಲೇಬೇಕು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನ ವಿಜ್ಞಾನಿ ಡಾ. ತುಪ್ಪಿಲ್ ವೆಂಕಟೇಶ್ ಮತ್ತು ಜಾರ್ಜ್ ಫೌಂಡೇಷನ್ ಸೇರಿ ದೇಶದ ದೊಡ್ಡ ನಗರಗಳಲ್ಲಿ ಜನರ ರಕ್ತ ಪರೀಕ್ಷೆ ಮಾಡಿಸಿದರು. 1999ರಲ್ಲಿ ಫಲಿತಾಂಶ ಹೊರಬಂದಾಗ ನಗರದ 12 ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳ ರಕ್ತದಲ್ಲಿ ಸೀಸ ಆಗಿನ ಮಿತಿ ದಾಟಿತ್ತು. ಆಗಿನ ದೊಡ್ಡ ಕಾರಣ ಪೆಟ್ರೋಲು. 2000ನೇ ಇಸವಿಯಲ್ಲಿ ಸೀಸವಿಲ್ಲದ ಪೆಟ್ರೋಲು ದೇಶಕ್ಕೆಲ್ಲ ಬಂತು. ಮನೆಗೆ ಬಳಿಯುವ ಬಣ್ಣದಲ್ಲಿನ ಸೀಸಕ್ಕೆ 2016ರಲ್ಲಿ ನಿಯಮವಾಯಿತು. ಹೀಗೆ ಒಂದೊಂದೇ ಬಾಗಿಲು ಮುಚ್ಚುತ್ತ ಬಂದರೂ 2020ರಲ್ಲಿ ಯುನಿಸೆಫ್ ಮತ್ತು ಪ್ಯೂರ್ ಅರ್ಥ್ ಸಂಸ್ಥೆಗಳ ವರದಿ ಭಾರತದಲ್ಲಿ ಸುಮಾರು 27 ಕೋಟಿ ಮಕ್ಕಳ ರಕ್ತದಲ್ಲಿ ಸೀಸ ಹೆಚ್ಚಿದೆ ಎಂದು ಅಂದಾಜಿಸಿತು. ಇದಕ್ಕೆಲ್ಲ ನೀರೇ ಕಾರಣವೆಂದಲ್ಲ. ಹಳೆಯ ಬ್ಯಾಟರಿ ಒಡೆಯುವ ಕೆಲಸ, ಬಣ್ಣ, ಬೆರಕೆ ಅರಿಶಿನ, ಪಾತ್ರೆ ಎಲ್ಲವೂ ಸೇರಿವೆ. ಆದರೆ ದಿನವೂ ಹೊಟ್ಟೆಗೆ ಹೋಗುವುದು ನೀರು.

ನೀರಿನಲ್ಲಿ ಕರಗಿದ ಸೀಸಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ದೊಡ್ಡವರ ಹೊಟ್ಟೆಗೆ ಬಿದ್ದ ಸೀಸದಲ್ಲಿ ಹತ್ತರಲ್ಲೊಂದು ಪಾಲು ರಕ್ತಕ್ಕೆ ಸೇರಿದರೆ ಮಕ್ಕಳಲ್ಲಿ ಅದರ ನಾಲ್ಕೈದು ಪಟ್ಟು ಸೇರುತ್ತದೆ. ಊಟದಲ್ಲಿ ಕಬ್ಬಿಣ, ಸುಣ್ಣದಂಶ ಕಡಿಮೆಯಿರುವ ಮಗುವಿನ ಮೈ ಸೀಸವನ್ನು ಇನ್ನೂ ಹೆಚ್ಚು ಹೀರಿಕೊಳ್ಳುತ್ತದೆ. ರಕ್ತಹೀನತೆಯಿರುವ ಬಡ ಮಕ್ಕಳಿಗೆ ಈ ಪೆಟ್ಟು ಎರಡರಷ್ಟು. ಅದು ಮೂಳೆಯಲ್ಲಿ ಕೂತು ವರ್ಷಗಟ್ಟಲೆ ಇರುತ್ತದೆ, ಬಸುರಿಯ ಮೂಳೆಯಿಂದ ಕರಗಿ ಹೊಟ್ಟೆಯೊಳಗಿನ ಕೂಸಿಗೂ ದಾಟುತ್ತದೆ. ಕಾಯಿಲೆಯೆಂದು ಕಾಣುವುದಿಲ್ಲ. ಪಾಠ ತಲೆಗೆ ಹತ್ತುವುದಿಲ್ಲ, ಒಂದು ಕಡೆ ಕೂರುವುದಿಲ್ಲ, ಓದಿದ್ದು ನೆನಪಿನಲ್ಲಿ ನಿಲ್ಲುವುದಿಲ್ಲ. ಮನೆಯವರು, ಮೇಷ್ಟ್ರು ಮಗುವನ್ನೇ ಬೈಯುತ್ತಾರೆ. ಇಷ್ಟು ಸೀಸವಾದರೆ ಪರವಾಗಿಲ್ಲ ಎಂದು ಹೇಳಬಹುದಾದ ಪ್ರಮಾಣವೇ ಇಲ್ಲ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು.

ತಾಮ್ರದ ಕಥೆ ಬೇರೆ. ಅದು ಮೈಗೆ ಚೂರು ಬೇಕು. ಹೆಚ್ಚಾದರೆ ಹೊಟ್ಟೆ ತೊಳಸುತ್ತದೆ, ವಾಂತಿಯಾಗುತ್ತದೆ, ನೀರಿಗೆ ಒಗರು ರುಚಿ ಬಂದು ತಾನೇ ಸುಳಿವು ಕೊಡುತ್ತದೆ. ಆದರೆ ಎಳೆಗೂಸುಗಳ ಪಾಲಿಗೆ ತಾಮ್ರ ಒಂದು ಕಾಲದಲ್ಲಿ ಯಮನಾಗಿತ್ತು. ಹೊಟ್ಟೆ ಉಬ್ಬಿ, ಪಿತ್ತಜನಕಾಂಗ ಕಲ್ಲಿನಂತಾಗಿ, ಒಂದೆರಡು ವರ್ಷದ ಮಕ್ಕಳು ಸಾಯುತ್ತಿದ್ದ ಕಾಯಿಲೆಯೊಂದು ದಕ್ಷಿಣದ ಮನೆಗಳನ್ನೂ ಬಿಟ್ಟಿರಲಿಲ್ಲ. ವೈದ್ಯರು ಅದಕ್ಕೆ ಭಾರತದ ಹೆಸರನ್ನೇ ಇಟ್ಟಿದ್ದರು. ಒಂದೇ ಮನೆಯಲ್ಲಿ ಒಂದರ ಹಿಂದೊಂದು ಕೂಸು ಹೋಗುತ್ತಿದ್ದುದರಿಂದ ವಂಶದ ದೋಷವೆಂದು ತಾಯಂದಿರು ಮಾತು ಕೇಳಬೇಕಾಗಿತ್ತು. 1980ರ ದಶಕದಲ್ಲಿ ಪುಣೆಯ ಕೆಇಎಂ ಆಸ್ಪತ್ರೆಯ ಆನಂದ್ ಪಂಡಿತ್, ಶೀಲಾ ಭಾವೆ ಮತ್ತು ಇಂಗ್ಲೆಂಡಿನ ಸ್ಟುವರ್ಟ್ ಟ್ಯಾನರ್ ಸೇರಿ ಕಾರಣ ಹುಡುಕಿದರು. ಕಲಾಯಿಯಿಲ್ಲದ ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಕಾಸಿಟ್ಟ ಹಸುವಿನ ಹಾಲು ಲೋಹವನ್ನು ಹಿಡಿದುಕೊಂಡು ಕೂಸಿನ ಹೊಟ್ಟೆಗೆ ಸೇರಿಸುತ್ತಿತ್ತು. ನೀರಿಗಿಂತ ಹಾಲು ತಾಮ್ರವನ್ನು ಹೆಚ್ಚು ಹಿಡಿಯುತ್ತದೆ. ಪಾತ್ರೆ ಬದಲಿಸಿ ಎಂದು ಹೇಳಿದ ಊರುಗಳಲ್ಲಿ ಕಾಯಿಲೆ ಇಳಿಯಿತು. ಸ್ಟೀಲು, ಅಲ್ಯೂಮಿನಿಯಂ ಪಾತ್ರೆ ಬಂದ ಮೇಲೆ ದೇಶದಿಂದಲೇ ಹೆಚ್ಚುಕಡಿಮೆ ಮರೆಯಾಯಿತು. ವಂಶದ ದೋಷವೆಂದು ಕಣ್ಣೀರು ಹಾಕಿದ ತಾಯಂದಿರಿಗೆ ಈ ಉತ್ತರ ತಡವಾಗಿ ಸಿಕ್ಕಿತು.

ಹಾಗೆಂದು ತಾಮ್ರದ ಬಿಂದಿಗೆಯನ್ನು ಅಟ್ಟಕ್ಕೆ ಹಾಕಬೇಕಿಲ್ಲ. ಬೆಂಗಳೂರಿನ ಸ್ಥಳೀಯ ಆರೋಗ್ಯ ಪರಂಪರೆಗಳ ಪುನರುಜ್ಜೀವನ ಪ್ರತಿಷ್ಠಾನದ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಕಾಲರಾ, ಭೇದಿ ತರುವ ರೋಗಾಣುಗಳನ್ನು ಬೆರೆಸಿದ ನೀರನ್ನು ತಾಮ್ರದ ಪಾತ್ರೆಯಲ್ಲಿ 16 ಗಂಟೆ ಇಟ್ಟಾಗ ಜೀವಂತ ರೋಗಾಣು ಸಿಗಲಿಲ್ಲ. ಆ ನೀರಿಗೆ ಇಳಿದಿದ್ದ ತಾಮ್ರ ಲೀಟರಿಗೆ ಸುಮಾರು 0.18 ಮಿಲಿಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 2 ಮಿಲಿಗ್ರಾಂ, ಅದರ ಹತ್ತನೇ ಒಂದು ಪಾಲೂ ಅಲ್ಲ. ರಾತ್ರಿ ತುಂಬಿಟ್ಟ ನೀರನ್ನು ಬೆಳಿಗ್ಗೆ ಕುಡಿಯುವ ದೊಡ್ಡವರಿಗೆ ಇದರಿಂದ ತೊಂದರೆಯಿಲ್ಲ. ಕಿಲುಬು ಹಿಡಿದ ಪಾತ್ರೆ ಬೇಡ, ಹುಣಸೆಹಣ್ಣು ಹಾಕಿ ತಿಕ್ಕಿ ಚೆನ್ನಾಗಿ ತೊಳೆಯಬೇಕು. ಮಜ್ಜಿಗೆ, ನಿಂಬೆ ಪಾನಕ, ಸಾರು ಅದರಲ್ಲಿ ಇಡಬಾರದು. ಕೂಸಿನ ಹಾಲಂತೂ ಬೇಡವೇ ಬೇಡ. ಕಲಾಯಿ ಹಾಕಿಸುವಾಗ ಇನ್ನೊಂದು ಎಚ್ಚರ ಬೇಕು. ನವಸಾಗರ ಹಾಕಿ, ಪಾತ್ರೆ ಕಾಯಿಸಿ, ಒಳಗೆ ಸವರುವ ತವರ ಶುದ್ಧವಾಗಿರಬೇಕು. ತವರ ದುಬಾರಿ, ಸೀಸ ಅಗ್ಗ, ಎರಡೂ ನೋಡಲು ಒಂದೇ ಬೆಳ್ಳಿಬಣ್ಣ. ತವರದಲ್ಲಿ ಸೀಸ ಬೆರೆತರೆ, ತಾಮ್ರದಿಂದ ಕಾಪಾಡಬೇಕಾದ ಕಲಾಯಿಯೇ ಅದಕ್ಕಿಂತ ಕೆಟ್ಟದ್ದನ್ನು ಸಾರಿಗೆ ಬಿಡುತ್ತದೆ.

ಕಾನೂನು ಏನೆನ್ನುತ್ತದೆ ಎಂದು ನೋಡೋಣ. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ ಹಾಕಿರುವ ಅಳತೆಗೋಲು ಐಎಸ್ 10500. ಅದರ 1991ರ ಆವೃತ್ತಿಯಲ್ಲಿ ಸೀಸದ ಮಿತಿ ಲೀಟರಿಗೆ 0.05 ಮಿಲಿಗ್ರಾಂ ಇತ್ತು. 2012ರ ಆವೃತ್ತಿ ಅದನ್ನು 0.01ಕ್ಕೆ ಇಳಿಸಿತು, ಬೇರೆ ನೀರು ಸಿಗದಿದ್ದರೂ ಇದರಲ್ಲಿ ರಿಯಾಯಿತಿ ಇಲ್ಲ. ತಾಮ್ರಕ್ಕೆ 0.05 ಇದ್ದರೆ ಒಳ್ಳೆಯದು, ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ ಒಪ್ಪಬಹುದು. ಸೀಸದ ಮಿತಿ ಎಷ್ಟು ಚಿಕ್ಕದೆಂದರೆ ಒಂದೇ ಒಂದು ಗ್ರಾಂ ಸೀಸ ಒಂದು ಲಕ್ಷ ಲೀಟರ್ ನೀರನ್ನು ಮಿತಿಯ ಅಂಚಿಗೆ ತಂದು ನಿಲ್ಲಿಸುತ್ತದೆ. ಹಳ್ಳಿಯ ಓವರ್‌ಹೆಡ್ ಟ್ಯಾಂಕಿನಲ್ಲಿ ಹಿಡಿಯುವ ನೀರು ಹೆಚ್ಚುಕಡಿಮೆ ಅಷ್ಟೇ.

ಅಳತೆಗೋಲು ಚೆನ್ನಾಗಿದೆ. ಅದನ್ನು ಎಲ್ಲಿ ಹಿಡಿದು ಅಳೆಯಬೇಕು ಎಂಬಲ್ಲಿ ಕೊರತೆಯಿದೆ. ಬಾಟಲಿ ನೀರು ಮಾರುವವರಿಗೆ 2024ರವರೆಗೆ ಐಎಸ್‌ಐ ಕಡ್ಡಾಯವಾಗಿತ್ತು. ನಲ್ಲಿಯಲ್ಲಿ ನೀರು ಬಿಡುವ ಸಂಸ್ಥೆಗಳಿಗೆ ಐಎಸ್ 10500 ಪಾಲಿಸಬೇಕಾದ ಆದರ್ಶವಷ್ಟೇ, ಪಾಲಿಸದಿದ್ದರೆ ದಂಡ ಹಾಕುವ ಕಾನೂನಿನ ಬಲ ಅದಕ್ಕಿಲ್ಲ. 2019ರಲ್ಲಿ ಶುರುವಾದ ಜಲಜೀವನ ಮಿಷನ್, ಕರ್ನಾಟಕದಲ್ಲಿ ಮನೆಮನೆಗೆ ಗಂಗೆ ಎಂಬ ಹೆಸರಿನ ಯೋಜನೆ, ಹಳ್ಳಿಯ ಹೆಣ್ಣುಮಕ್ಕಳ ಕೈಗೆ ಪರೀಕ್ಷಾ ಪೆಟ್ಟಿಗೆ ಕೊಟ್ಟಿತು. ಪ್ರತಿ ಊರಿನಲ್ಲಿ ಐವರು ಮಹಿಳೆಯರಿಗೆ ತರಬೇತಿ ಎಂಬುದು ಅದರ ಕ್ರಮ. ಇದು ನಿಜಕ್ಕೂ ದೊಡ್ಡ ಹೆಜ್ಜೆ, ನೀರಿನ ವಿಜ್ಞಾನ ಮೊದಲ ಬಾರಿಗೆ ನೀರು ಹೊರುವವರ ಕೈಗೆ ಬಂತು. ಆದರೆ ಆ ಪೆಟ್ಟಿಗೆ ಹೇಳುವುದು ಫ್ಲೋರೈಡ್, ನೈಟ್ರೇಟ್, ಕಬ್ಬಿಣ, ಗಡಸುತನ, ಕ್ಲೋರಿನ್ ಇಂಥವನ್ನು. ಸೀಸ ಅದರಲ್ಲಿ ಸಿಗುವುದಿಲ್ಲ. ಅದಕ್ಕೆ ಆಮ್ಲ ಹಾಕಿ ಕಾಪಿಟ್ಟ ನೀರಿನ ಮಾದರಿ, ದೊಡ್ಡ ಪ್ರಯೋಗಾಲಯ, ದುಬಾರಿ ಯಂತ್ರ ಬೇಕು.

ಅಮೆರಿಕ ಇದೇ ಪ್ರಶ್ನೆಗೆ 1991ರಲ್ಲಿ ಒಂದು ಉತ್ತರ ಕಂಡುಕೊಂಡಿತು. ಸೀಸ, ತಾಮ್ರದ ನಿಯಮ ಎಂದೇ ಅದಕ್ಕೆ ಹೆಸರು. ಅದರ ಬುದ್ಧಿವಂತಿಕೆ ಒಂದೇ ಮಾತಿನಲ್ಲಿದೆ: ಘಟಕದಲ್ಲಿ ಅಳೆಯಬೇಡಿ, ಮನೆಯ ಅಡುಗೆಮನೆಯಲ್ಲಿ ಅಳೆಯಿರಿ. ಕನಿಷ್ಠ ಆರು ಗಂಟೆ ಪೈಪಿನಲ್ಲಿ ನಿಂತ ನೀರಿನ ಮೊದಲ ಲೀಟರನ್ನೇ ಹಿಡಿಯಬೇಕು. ಪರೀಕ್ಷಿಸಿದ ಮನೆಗಳಲ್ಲಿ ಹತ್ತರಲ್ಲಿ ಒಂದಕ್ಕಿಂತ ಹೆಚ್ಚು ಮನೆಗಳಲ್ಲಿ ಸೀಸ ಲೀಟರಿಗೆ 0.015 ಮಿಲಿಗ್ರಾಂ ಅಥವಾ ತಾಮ್ರ 1.3 ಮಿಲಿಗ್ರಾಂ ಮೀರಿದರೆ ನೀರು ಬಿಡುವ ಸಂಸ್ಥೆ ಕೈಕಟ್ಟಿ ಕೂರುವಂತಿಲ್ಲ. ನೀರು ಲೋಹವನ್ನು ಕೊರೆಯದ ಹಾಗೆ ಔಷಧ ಬೆರೆಸಬೇಕು, ಜನರಿಗೆ ತಿಳಿಸಬೇಕು, ಸೀಸದ ಪೈಪು ಕಿತ್ತು ಬದಲಿಸಬೇಕು. 2024ರ ಅಕ್ಟೋಬರಿನಲ್ಲಿ ಬಂದ ತಿದ್ದುಪಡಿ ಸೀಸದ ಗೆರೆಯನ್ನು 0.010ಕ್ಕೆ ಇಳಿಸಿ, ದೇಶದ ಬಹುತೇಕ ಸೀಸದ ಪೈಪುಗಳನ್ನು ಹತ್ತು ವರ್ಷದೊಳಗೆ ತೆಗೆಯಬೇಕೆಂದಿತು.

ನಿಯಮವಿದ್ದೂ ಎಡವಿದ ಊರು ಮಿಷಿಗನ್ ರಾಜ್ಯದ ಫ್ಲಿಂಟ್. ಮಾರಿಕಣಿವೆಯ ಸೀಮೆಯವರು ಆ ಊರಿನ ಕಥೆಯನ್ನು ಗಮನವಿಟ್ಟು ಕೇಳಬೇಕು, ಏಕೆಂದರೆ ಅಲ್ಲಿ ಬದಲಾದದ್ದು ಪೈಪಲ್ಲ, ನೀರು. ಖರ್ಚು ಉಳಿಸಲೆಂದು 2014ರ ಏಪ್ರಿಲಿನಲ್ಲಿ ಡೆಟ್ರಾಯಿಟಿನಿಂದ ಬರುತ್ತಿದ್ದ ಸರೋವರದ ನೀರು ಬಿಟ್ಟು ಊರ ಹೊಳೆಯ ನೀರನ್ನು ಪೈಪಿಗೆ ಹರಿಸಿದರು. ಹೊಳೆ ನೀರು ಲೋಹವನ್ನು ಹೆಚ್ಚು ಕೊರೆಯುವಂಥದ್ದು, ಅದನ್ನು ತಡೆಯುವ ಔಷಧ ಬೆರೆಸಲಿಲ್ಲ. ಹಳೆಯ ನೀರು ದಶಕಗಳಿಂದ ಸೀಸದ ಪೈಪಿನ ಒಳಗೋಡೆಗೆ ಕಟ್ಟಿದ್ದ ಪೊರೆ ಕಳಚತೊಡಗಿತು. ಆ ವರ್ಷದ ಅಕ್ಟೋಬರಿನಲ್ಲಿ ಜನರಲ್ ಮೋಟಾರ್ಸ್ ಕಾರ್ಖಾನೆ, ಈ ನೀರು ತಾಗಿದರೆ ಎಂಜಿನ್ನಿನ ಭಾಗಗಳಿಗೆ ತುಕ್ಕು ಹಿಡಿಯುತ್ತದೆಂದು ಬೇರೆ ನೀರಿಗೆ ಬದಲಾಯಿಸಿಕೊಂಡಿತು. ಮಕ್ಕಳು ಇನ್ನೂ ಒಂದು ವರ್ಷ ಅದನ್ನೇ ಕುಡಿದರು. ಲೀ ಆನ್ ವಾಲ್ಟರ್ಸ್ ಎಂಬ ತಾಯಿ ಬಿಡದೆ ಬಾಗಿಲು ತಟ್ಟಿದ ಮೇಲೆ, ವರ್ಜೀನಿಯಾ ಟೆಕ್‌ನ ಮಾರ್ಕ್ ಎಡ್ವರ್ಡ್ಸ್ ಮನೆಮನೆಯ ನೀರು ಪರೀಕ್ಷಿಸಿದ ಮೇಲೆ, ಮಕ್ಕಳ ವೈದ್ಯೆ ಮೋನಾ ಹನ್ನಾ ಅಟೀಶಾ ರಕ್ತದ ಅಂಕಿಗಳನ್ನು ಮುಂದಿಟ್ಟ ಮೇಲೆ, 2015ರ ಅಕ್ಟೋಬರಿನಲ್ಲಿ ಹಳೆಯ ನೀರು ವಾಪಸು ಬಂತು.

ಇತ್ತ ಚಿತ್ರದುರ್ಗ ಜಿಲ್ಲೆಯಲ್ಲಿ ಈಗ ನಡೆಯುತ್ತಿರುವುದೂ ನೀರು ಬದಲಾಗುವ ಕೆಲಸವೇ. ಬೋರ್‌ವೆಲ್ ನೀರು ಕುಡಿಯುತ್ತಿದ್ದ ಹಳ್ಳಿಗಳಿಗೆ ಕೆರೆಯ, ಹೊಳೆಯ ನೀರು ಬರುತ್ತಿದೆ. ಭದ್ರೆಯ ನೀರನ್ನು ಮೇಲೆತ್ತಿ, ಅಜ್ಜಂಪುರದ ಸುರಂಗ ದಾಟಿಸಿ, ವೇದಾವತಿಯ ಮೂಲಕ ಮಾರಿಕಣಿವೆಗೆ ತರಲಾಗುತ್ತಿದೆ. ಬಹುಕಾಲ ಬಾಯಾರಿದ ಸೀಮೆಗೆ ಇದು ಭಾಗ್ಯ, ಫ್ಲೋರೈಡಿನಿಂದ ಬಿಡುಗಡೆಯ ದಾರಿಯೂ ಹೌದು. ಆದರೆ ಬೋರ್‌ವೆಲ್‌ನ ಗಡಸು ನೀರು ಪೈಪಿನೊಳಗೆ ಬಿಳಿ ಪೊರೆ ಕಟ್ಟಿ ಲೋಹವನ್ನು ಮುಚ್ಚಿಡುತ್ತದೆ. ಮಲೆನಾಡಿನ ಮಳೆಯಿಂದ ಬರುವ ಮೃದು ನೀರಿಗೆ ಆ ಪೊರೆಯನ್ನು ಕರಗಿಸುವ ಗುಣವಿದೆ. ಇಲ್ಲಿನ ನೆಲದಡಿ ಫ್ಲಿಂಟಿನ ಹಾಗೆ ಮನೆಮನೆಗೆ ಸೀಸದ ಪೈಪಿಲ್ಲ, ಅದು ನೆಮ್ಮದಿಯ ವಿಷಯ. ಹಿತ್ತಾಳೆ, ಜಿಐ, ಹಳೆಯ ಪಿವಿಸಿ ಇವೆ. ಹೊಸ ನೀರು ಹರಿದ ಮೇಲೆ ಮನೆಯ ನಲ್ಲಿಯಲ್ಲಿ ಒಮ್ಮೆಯಾದರೂ ಲೋಹ ಅಳೆಯದೆ ಯೋಜನೆ ಮುಗಿಯಿತೆಂದು ಬಿಲ್ಲು ಬರೆಯಬಾರದು.

ಫಿಲ್ಟರ್ ನೀರಿನದೂ ಇದೇ ಮಾತು. ನಾಣ್ಯ ಹಾಕಿದರೆ ಕ್ಯಾನು ತುಂಬುವ ಶುದ್ಧ ನೀರಿನ ಘಟಕಗಳು ಹೊಸದುರ್ಗ, ಹೊಳಲ್ಕೆರೆ ಕಡೆಯ ಹಳ್ಳಿಗಳಲ್ಲೂ ಇವೆ. ಅವು ಫ್ಲೋರೈಡಿನ ಜೊತೆಗೆ ನೀರಿನ ಲವಣವನ್ನೆಲ್ಲ ತೆಗೆಯುತ್ತವೆ. ಲವಣ ಕಳೆದುಕೊಂಡ ನೀರು ಲೋಹವನ್ನು ಹೆಚ್ಚು ಕೊರೆಯುತ್ತದೆ. ಅದನ್ನು ಹಿತ್ತಾಳೆ ಕೊಡದಲ್ಲಿ ದಿನಗಟ್ಟಲೆ ಇಡುವುದು ಒಳ್ಳೆಯದಲ್ಲ. ಮಣ್ಣಿನ ಮಡಕೆ, ಸ್ಟೀಲಿನ ಡ್ರಮ್ಮು ಸಾಕು.

ಅಮೆರಿಕದ ನಿಯಮವನ್ನು ಹಾಗೇ ಎತ್ತಿ ತಂದರೂ ಇಲ್ಲಿ ನಡೆಯದು. ಅಲ್ಲಿ ಪೈಪಿನಲ್ಲಿ ಹಗಲೂ ರಾತ್ರಿ ನೀರು ತುಂಬಿರುತ್ತದೆ. ಇಲ್ಲಿ ನೀರುಗಂಟಿ ವಾಲ್ವ್ ತಿರುಗಿಸಿದಾಗ ನೀರು, ಉಳಿದ ಹೊತ್ತು ಪೈಪು ಬರಿದು. ಬರಿದಾದ ಪೈಪು ಅಕ್ಕಪಕ್ಕದ ಕೊಳೆಯನ್ನು ಒಳಗೆಳೆದುಕೊಳ್ಳುತ್ತದೆ. 2023ರ ಆಗಸ್ಟಿನಲ್ಲಿ ಚಿತ್ರದುರ್ಗ ನಗರದ ಕವಾಡಿಗರಹಟ್ಟಿಯಲ್ಲಿ ನಲ್ಲಿ ನೀರು ಕುಡಿದು ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು, ಹಲವರು ಪ್ರಾಣ ಕಳೆದುಕೊಂಡರು. ಸೀಸ ಹಾಗೆ ಒಂದೇ ವಾರದಲ್ಲಿ ಕೊಲ್ಲುವುದಿಲ್ಲ, ಆದ್ದರಿಂದ ರೋಗಾಣುವೇ ಮೊದಲ ಶತ್ರು ಎನ್ನುವುದು ಸರಿ. ಆದರೆ ರೋಗಾಣುವನ್ನು ಹುಡುಕಲು ನಲ್ಲಿಯವರೆಗೆ ಹೋದ ಸಿಬ್ಬಂದಿ ಅದೇ ಕೈಯಲ್ಲಿ ಇನ್ನೊಂದು ಬಾಟಲಿ ತುಂಬಿದರೆ ಸೀಸದ ಲೆಕ್ಕವೂ ಸಿಗುತ್ತದೆ. ಎರಡಕ್ಕೂ ಬೇಕಾದದ್ದು ಒಂದೇ ಅಭ್ಯಾಸ, ಕೊನೆಯ ನಲ್ಲಿಯವರೆಗೆ ನಡೆದು ಹೋಗುವುದು.

ಹಾಗಾಗಿ ಈ ಸೀಮೆಗೆ ಬೇಕಾದ ನಿಯಮವನ್ನು ಇಲ್ಲಿನ ನೀರು ಬಿಡುವ ರೀತಿ ನೋಡಿಯೇ ಬರೆಯಬೇಕು. ಊರ ತೊಂಬೆಯಲ್ಲಿ ಒಂದು, ಮನೆಯ ಸಂಪು ಅಥವಾ ಸಿಂಟೆಕ್ಸ್ ಟ್ಯಾಂಕಿನಲ್ಲಿ ಒಂದು, ರಾತ್ರಿಯಿಡೀ ನಿಂತ ಅಡುಗೆಮನೆಯ ನಲ್ಲಿಯಲ್ಲಿ ಒಂದು, ಹೀಗೆ ಮೂರು ಕಡೆ ನೀರು ಹಿಡಿದರೆ ಸೀಸ ಎಲ್ಲಿ ಸೇರಿತು ಎಂಬುದು ತಾನೇ ತಿಳಿಯುತ್ತದೆ. ಎಲ್ಲ ಮನೆಗಳನ್ನು ಮಾಡಬೇಕಿಲ್ಲ. ಅಂಗನವಾಡಿ, ಸರ್ಕಾರಿ ಶಾಲೆ, ಹೆರಿಗೆ ಆಸ್ಪತ್ರೆಗಳಿಂದ ಶುರು ಮಾಡಿದರೆ ಸಾಕು, ಸೀಸ ಹೆಚ್ಚು ಕೆಡುಕು ಮಾಡುವುದು ಅಲ್ಲಿರುವವರಿಗೇ. ಟೆಂಡರಿನಲ್ಲಿ ಸೀಸವಿಲ್ಲದ ಪೈಪು, ಸೀಸ ಕಡಿಮೆಯಿರುವ ನಲ್ಲಿ ಎಂದು ಬರೆದು, ಬಂದ ಮಾಲನ್ನು ಪರೀಕ್ಷಿಸಿ ಒಳಗೆ ಬಿಡಬೇಕು. ಇದಾವುದಕ್ಕೂ ಹೊಸ ಅಣೆಕಟ್ಟಿನ ಖರ್ಚಿಲ್ಲ.

ಮನೆಯವರು ಇವತ್ತೇ ಮಾಡಬಹುದಾದ ಕೆಲಸಗಳೂ ಇವೆ. ರಾತ್ರಿ ನಿಂತ ಪೈಪಿನ ಮೊದಲ ನೀರನ್ನು ಕುಡಿಯಲು, ಅಡುಗೆಗೆ ಹಿಡಿಯಬಾರದು. ಬರಗಾಲ ಕಂಡ ಸೀಮೆಯಲ್ಲಿ ನೀರು ಚೆಲ್ಲಿ ಎಂದು ಹೇಳಲು ಯಾರಿಗೂ ಬಾಯಿ ಬಾರದು. ಅದನ್ನು ಬಕೆಟ್ಟಿಗೆ ಹಿಡಿದು ಪಾತ್ರೆ ತೊಳೆಯಲು, ನೆಲ ಒರೆಸಲು ಬಳಸಲಿ. ಗೀಸರಿನ ಬಿಸಿನೀರನ್ನು ಅಕ್ಕಿಗೆ ಹಾಕಬಾರದು, ಬಿಸಿನೀರು ಲೋಹವನ್ನು ಬೇಗ ಕರಗಿಸುತ್ತದೆ. ನೀರು ಕಾಯಿಸಿ ಆರಿಸಿದರೆ ರೋಗಾಣು ಸಾಯುತ್ತದೆ, ಸೀಸ ಹೋಗುವುದಿಲ್ಲ. ಹೊಸ ಪಿವಿಸಿ ಹಾಕಿಸಿದ ಮನೆಯವರು ಮೊದಲ ಕೆಲವು ದಿನ ಆ ಪೈಪಿನ ನೀರನ್ನು ಕುಡಿಯಲು, ಅಡುಗೆಗೆ ಹಿಡಿಯದೆ ಬಟ್ಟೆ ಒಗೆಯಲು ಬಳಸಲಿ. ಪೈಪು ಕೊಳ್ಳುವಾಗ ಐಎಸ್‌ಐ ಗುರುತಿನ ಜೊತೆಗೆ ಸೀಸವಿಲ್ಲದ್ದು ಎಂಬ ಬರಹವನ್ನೂ ಕೇಳಿ ನೋಡಿ ತರಲಿ.

ಜಲಜೀವನ ಮಿಷನ್‌ನ ಪ್ರಯೋಗಾಲಯಗಳು ಸಾರ್ವಜನಿಕರ ನೀರನ್ನೂ ಅಲ್ಪ ಶುಲ್ಕಕ್ಕೆ ಪರೀಕ್ಷಿಸಿಕೊಡಬೇಕೆಂಬ ಆದೇಶ 2021ರಿಂದಲೂ ಇದೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಚಿತ್ರದುರ್ಗದ ಜನರು ತಮ್ಮ ಊರಿನ ಮುಂದಿನ ಗ್ರಾಮಸಭೆಯಲ್ಲೋ ವಾರ್ಡ್ ಸಭೆಯಲ್ಲೋ ಎದ್ದು ನಿಂತು ಒಂದು ಮಾತು ಕೇಳಲಿ: ನಮ್ಮ ಶಾಲೆಯ ನಲ್ಲಿ ನೀರಿನಲ್ಲಿ ಸೀಸ ಎಷ್ಟಿದೆ? ಉತ್ತರ ಇಲ್ಲದಿದ್ದರೆ ಪರೀಕ್ಷೆ ಮಾಡಿಸಬೇಕೆಂದು ನಡಾವಳಿಯಲ್ಲಿ ಬರೆಸಲಿ, ಫಲಿತಾಂಶ ಬಂದ ಮೇಲೆ ಅದನ್ನು ಪಂಚಾಯಿತಿಯ ಗೋಡೆಗೆ ಹಚ್ಚಿಸಲಿ.